ದಾರಿಯ ಹಣ್ಣು ಯಾರದು?

ಮೂರು ವರ್ಷದ ಹಿಂದೆ, ಯುಗಾದಿಗೆ ಎರಡು ವಾರ ಇರುವಾಗ, ನಾನು ನಮ್ಮ ಕಾಕಾನ ಜೊತೆ ಶ್ರೀಶೈಲಕ್ಕೆ ನಡೆದು ಹೋದೆ. ನಮ್ಮೂರು ಇಳಕಲ್ಲಿನ ಹತ್ತಿರ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರಿಗೆ ಈ ಪಾದಯಾತ್ರೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಮಲ್ಲಯ್ಯನ ಕಂಬಿ ಹೊತ್ತವರು, ಬರಿಗಾಲಲ್ಲಿ ನಡೆಯುವವರು, ಮರಗಾಲು ಕಟ್ಟಿಕೊಂಡವರು, ಕೈಯಲ್ಲಿ ಮೊಬೈಲು ಹಿಡಿದು ಹಾಡು ಕೇಳುತ್ತ ಹೊರಟ ಹುಡುಗರು, ಎಲ್ಲರೂ ಒಂದೇ ದಾರಿ ಹಿಡಿಯುತ್ತಾರೆ. ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಹೋಗುವವರ ಹಾಗೆ ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿ ಆಕೆಯ ಉಡಿ ತುಂಬಬೇಕು.

ನಾನು ಹೋದದ್ದು ಭಕ್ತಿಗಿಂತ ಹೆಚ್ಚಾಗಿ ಹಟಕ್ಕೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಕುರ್ಚಿಯ ಮೇಲೆ ಕೂತ ಮೈ 300 ಕಿಲೋಮೀಟರಿಗೂ ಹೆಚ್ಚು ನಡೆದೀತೇ ಎಂದು ನೋಡಬೇಕಿತ್ತು. ಕಾಕಾ ಮಾತ್ರ ಇಪ್ಪತ್ತು ಸಲ ಹೋಗಿ ಬಂದವನು. ‘ನಡಿಯೂದು ಕಾಲಿಂದಲ್ಲ ತಮ್ಮಾ, ಹೊಟ್ಟೀದು. ಹೊಟ್ಟಿ ಸುದ್ದ ಇಟಗೊ’ ಎಂದಷ್ಟೇ ಹೇಳಿ ಮುಂದೆ ನಡೆದ.

ಹೊಟ್ಟೆಯ ಬಗ್ಗೆ ಅವನು ಹೇಳಿದ್ದು ಎಷ್ಟು ನಿಜವೆಂದು ನಾಲ್ಕನೆಯ ದಿನ ತಿಳಿಯಿತು. ನಡೆಯುವವರಿಗೆ ಊಟದ ಚಿಂತೆ ಇರುವುದಿಲ್ಲ. ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ಅನ್ನ ಸಾರು, ಉಪ್ಪಿಟ್ಟು, ಚಹಾ, ಮಜ್ಜಿಗೆ ಕೊಡುತ್ತಾರೆ. ಬಗಲಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇರುತ್ತವೆ. ಆದರೆ ಮುದಗಲ್, ಮಸ್ಕಿ ದಾಟಿ ಸಿಂಧನೂರಿನ ಬಿಸಿಲಿಗೆ ಬಿದ್ದಮೇಲೆ ಅನ್ನ ರೊಟ್ಟಿ ಎರಡೂ ಬೇಡವಾಗುತ್ತವೆ. ನೀರು ಎಷ್ಟು ಕುಡಿದರೂ ಹೊಟ್ಟೆಯಲ್ಲಿ ಕುಲುಕುತ್ತದೆಯೇ ಹೊರತು ನಾಲಿಗೆಗೆ ತಾಗುವುದಿಲ್ಲ. ಆಗ ಮೈ ಕೇಳುವುದು ಹಣ್ಣನ್ನು ಮಾತ್ರ. ತಣ್ಣಗಿರಲಿ ಬೆಚ್ಚಗಿರಲಿ, ಹಲ್ಲು ಊರಿದರೆ ರಸ ಗಲ್ಲಕ್ಕೆ ಇಳಿಯುವಂಥದ್ದು ಏನಾದರೂ ಬೇಕು. ನಾನು ಬೆಂಗಳೂರಿನ ಫ್ರಿಜ್ಜಿನಲ್ಲಿ ಎಷ್ಟೋ ಹಣ್ಣು ಕೊಳೆಯಲು ಬಿಟ್ಟವನು. ಆ ನಾಲ್ಕು ದಿನದಲ್ಲಿ ದಾರಿಬದಿಯ ಪ್ರತಿ ಗಿಡವನ್ನೂ ಹಣ್ಣಿದೆಯೋ ಇಲ್ಲವೋ ಎಂದು ನೋಡುತ್ತ ನಡೆಯುವವನಾಗಿದ್ದೆ.

ಸಿಂಧನೂರು ದಾಟಿದ ಮೇಲೆ ತುಂಗಭದ್ರೆಯ ಕಡೆ ಹೋಗುವಾಗ ದಾರಿಗೆ ಹತ್ತಿಕೊಂಡೇ ಒಂದು ಪಪ್ಪಾಯಿ ತೋಟ ಸಿಕ್ಕಿತು. ಬೇಲಿ ಹೆಸರಿಗೆ ಮಾತ್ರ. ಎದೆಯೆತ್ತರದಲ್ಲಿ ಅರ್ಧ ಹಳದಿಯಾದ ಒಂದು ಹಣ್ಣು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ತಿರುವಿದೆ, ಬಂತು. ತೊಟ್ಟಿನಿಂದ ಹಾಲು ಸುರಿದು ಕೈ ಅಂಟಾಯಿತು. ಮುಂದೆ ಬೇವಿನ ಮರದಡಿ ಕೂತಿದ್ದ ಕಾಕಾನ ಮುಂದೆ ಹಣ್ಣು ಇಟ್ಟು ಚಾಕು ಕೇಳಿದೆ.

‘ಯಾರದೋ ಇದು?’

‘ಅಲ್ಲಿ ಯಾರೂ ಇರ್ಲಿಲ್ಲ ಕಾಕಾ.’

‘ಯಾರ ಇದ್ರಂತ ನಾ ಕೇಳ್ಲಿಲ್ಲ. ಯಾರದಂತ ಕೇಳೇನಿ.’

ಚಾಕು ಕೊಟ್ಟ. ಬೈಯಲಿಲ್ಲ. ಆದರೆ ಒಂದು ಹೋಳನ್ನೂ ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು. ಜೊತೆಗಿದ್ದ ಇಬ್ಬರು ಹುಡುಗರೊಡನೆ ಹಟಕ್ಕೆ ಬಿದ್ದವನಂತೆ ಪೂರ್ತಿ ತಿಂದು ಮುಗಿಸಿದೆ. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು: ಹಣ್ಣು ಬಹಳ ರುಚಿಯಾಗಿತ್ತು. ಕದ್ದದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಕತೆಗಳಲ್ಲಿ ಮಾತ್ರ. ತಪ್ಪಿಗೆ ಬೇರೆ ರುಚಿ ಇದ್ದಿದ್ದರೆ ನಾಲಿಗೆಯೇ ನಮ್ಮನ್ನು ಕಾಯುತ್ತಿತ್ತು. ಹಾಗಿಲ್ಲವಾದ್ದರಿಂದ ತಿಂದ ಮೇಲೂ ಯೋಚಿಸಬೇಕಾಗುತ್ತದೆ.

ಯೋಚಿಸಲು ಮುಂದೆ ದಾರಿ ಬೇಕಾದಷ್ಟಿತ್ತು. ಮೊದಲು ನನ್ನ ಪರವಾಗಿಯೇ ವಾದ ಹುಡುಕಿದೆ. ದಾರಿಹೋಕನ ಹಸಿವನ್ನು ಹಳೆಯ ಕಾಲದ ಕಟ್ಟಳೆಗಳು ಒಪ್ಪಿದ್ದವಲ್ಲ! ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಬುತ್ತಿ ಮುಗಿದ ಪ್ರಯಾಣಿಕ ಇನ್ನೊಬ್ಬನ ಹೊಲದಿಂದ ಎರಡು ಕಬ್ಬು, ಎರಡು ಗೆಡ್ಡೆ ತೆಗೆದುಕೊಂಡರೆ ದಂಡವಿಲ್ಲ ಎಂದಿದೆ. ಯೆಹೂದಿಗಳ ಧರ್ಮಶಾಸ್ತ್ರದಲ್ಲಿ, ಅಂದರೆ ಬೈಬಲಿನ ಧರ್ಮೋಪದೇಶಕಾಂಡದಲ್ಲಿ, ನೆರೆಯವನ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆ ತುಂಬ ತಿನ್ನಬಹುದು, ಆದರೆ ಪಾತ್ರೆಯಲ್ಲಿ ಹಾಕಿಕೊಳ್ಳಬಾರದು ಎಂಬ ವಿಧಿ ಇದೆ. ಇಂದಿಗೂ ಫಿನ್‌ಲ್ಯಾಂಡ್, ಸ್ವೀಡನ್ ದೇಶಗಳಲ್ಲಿ ಇನ್ನೊಬ್ಬರ ಒಡೆತನದ ಕಾಡಿನಲ್ಲೂ ಯಾರು ಬೇಕಾದರೂ ಅಡ್ಡಾಡಿ ಕಾಡಿನ ಬೆರ್ರಿ ಹಣ್ಣು ಕಿತ್ತು ತಿನ್ನಬಹುದು. ಮನೆಯಂಗಳಕ್ಕೆ, ತೋಟಕ್ಕೆ ಮಾತ್ರ ಕೈಹಾಕುವಂತಿಲ್ಲ.

ಈ ಮೂರರಲ್ಲಿ ನನಗೆ ಬಹಳ ಇಷ್ಟವಾದದ್ದು ದ್ರಾಕ್ಷಿಯ ವಿಧಿ. ಹಸಿವಿಗೂ ಆಸೆಗೂ ನಡುವೆ ಅದು ಸರಳವಾದ ಗೆರೆ ಎಳೆದಿದೆ. ಬಾಯಿಗೆ ಹೋದದ್ದು ಹಸಿವು, ಚೀಲಕ್ಕೆ ಹೋದದ್ದು ಆಸೆ. ಅದರ ಪ್ರಕಾರ ನಾನು ತಪ್ಪು ಮಾಡಿರಲಿಲ್ಲ, ಅಲ್ಲೇ ತಿಂದಿದ್ದೆ. ಮನುವಿನ ರಿಯಾಯಿತಿಯ ವಿಷಯಕ್ಕೆ ಬಂದರೆ ನಾನು ಜಾರಿ ಬೀಳುತ್ತೇನೆ. ಅದು ಇರುವುದು ದ್ವಿಜನಿಗೆ ಮಾತ್ರ. ಹಸಿವು ಎಲ್ಲರಿಗೂ ಒಂದೇ ಆದರೂ ಕ್ಷಮೆ ಒಂದೇ ಅಲ್ಲ. ಅದೇ ಎರಡು ಕಬ್ಬನ್ನು ಬೇರೆಯವನು ಮುರಿದುಕೊಂಡಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ದಾರಿಯ ಹಣ್ಣನ್ನು ಯಾರು ಕಿತ್ತರೆ ‘ಪಾಪ, ಹಸಿದಿದ್ದ’ ಎನ್ನುತ್ತೇವೆ, ಯಾರು ಕಿತ್ತರೆ ‘ಕಳ್ಳ’ ಎನ್ನುತ್ತೇವೆ ಎಂಬುದು ಇಂದಿಗೂ ಬದಲಾಗಿಲ್ಲ. ಹಣೆಗೆ ವಿಭೂತಿ, ಹೆಗಲಿಗೆ ಚೀಲ ಇದ್ದ ನನ್ನನ್ನು ಆ ತೋಟದವನು ಕಂಡಿದ್ದರೂ ಏನೂ ಅನ್ನುತ್ತಿರಲಿಲ್ಲ. ಅದೇ ಬೇಲಿಯ ಬಳಿ ಗುಳೆ ಹೊರಟ ಕೂಲಿಯ ಹುಡುಗ ನಿಂತಿದ್ದರೆ?

ಆಮೇಲೆ ನೆನಪಾದದ್ದು ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಶಂಖ ಲಿಖಿತರ ಕತೆ. ಯುದ್ಧ ಮುಗಿದು ರಾಜ್ಯ ಬೇಡವೆಂದು ಕೂತ ಧರ್ಮರಾಯನಿಗೆ ವ್ಯಾಸರು ಇದನ್ನು ಹೇಳುತ್ತಾರೆ. ಅಣ್ಣ ಶಂಖ, ತಮ್ಮ ಲಿಖಿತ. ಬಾಹುದಾ ನದಿಯ ದಂಡೆಯಲ್ಲಿ ಇಬ್ಬರದೂ ಬೇರೆ ಬೇರೆ ಆಶ್ರಮ. ಒಂದು ದಿನ ತಮ್ಮ ಬಂದಾಗ ಅಣ್ಣ ಇರಲಿಲ್ಲ. ಗಿಡದಲ್ಲಿ ಮಾಗಿದ ಹಣ್ಣಿದ್ದವು, ಕಿತ್ತು ತಿನ್ನುತ್ತ ಕೂತ. ಅಣ್ಣ ಬಂದು ಎಲ್ಲಿಯವು ಎಂದು ಕೇಳಿದರೆ ನಗುತ್ತ ಇಲ್ಲಿಯವೇ ಎಂದ. ಅಣ್ಣ ನಗಲಿಲ್ಲ. ಕೇಳದೆ ತೆಗೆದದ್ದು ಕಳವು, ರಾಜನ ಬಳಿ ಹೋಗಿ ಶಿಕ್ಷೆ ತಗೊ ಎಂದ. ಸುದ್ಯುಮ್ನ ರಾಜ ಕ್ಷಮಿಸಲು ಸಿದ್ಧನಿದ್ದರೂ ಲಿಖಿತ ಒಪ್ಪಲಿಲ್ಲ. ರಾಜ ಎರಡೂ ಕೈ ಕಡಿಸಿದ. ಹಿಂತಿರುಗಿದ ತಮ್ಮನಿಗೆ ಅಣ್ಣ, ನನಗೆ ನಿನ್ನ ಮೇಲೆ ಕೋಪವಿಲ್ಲ, ಹೊಳೆಯಲ್ಲಿ ಮಿಂದು ತರ್ಪಣ ಕೊಡು ಎಂದ. ಕೊಡಲು ಹೋದಾಗ ಕೈ ಮತ್ತೆ ಮೂಡಿದವು.

ಸಣ್ಣವನಿದ್ದಾಗ ಈ ಕತೆ ಕೇಳಿ ಶಂಖನ ಮೇಲೆ ಸಿಟ್ಟು ಬಂದಿತ್ತು. ನಾಲ್ಕು ಹಣ್ಣಿಗೆ ಎರಡು ಕೈಯೇ? ಈಗಲೂ ಆ ಶಿಕ್ಷೆಯನ್ನು ನಾನು ಒಪ್ಪಲಾರೆ. ಆದರೆ ಶಂಖ ಕೇಳಿದ ಪ್ರಶ್ನೆಯೂ ಕಾಕಾ ಕೇಳಿದ ಪ್ರಶ್ನೆಯೂ ಒಂದೇ ಎಂದು ಆ ದಾರಿಯಲ್ಲಿ ಹೊಳೆಯಿತು. ಲಿಖಿತನ ನಗು ನನ್ನಲ್ಲೂ ಇತ್ತು. ‘ನಮ್ಮವರೇ, ಕೇಳಿದ್ದರೆ ಕೊಡುತ್ತಿದ್ದರು’ ಎಂಬ ನಗು. ಕೇಳಿದ್ದರೆ ಕೊಡುತ್ತಿದ್ದರು ಎನ್ನುವುದು ಕೇಳದೆ ತೆಗೆಯಲು ಕಾರಣವಾಗುತ್ತದೆಯೇ? ಆಗಬಾರದು. ಕೊಡುವವರೇ ಆಗಿದ್ದರೆ ಅವರಿಂದ ಹಣ್ಣಿನ ಜೊತೆಗೆ ಕೊಡುವ ಸಂತೋಷವನ್ನೂ ಕಿತ್ತುಕೊಂಡ ಹಾಗಾಯಿತು. ಕೊಡದವರಾಗಿದ್ದರೆ ಕಳವು ಆಗಿಯೇ ಹೋಯಿತು.

ಇದು ಬರೀ ತರ್ಕವಲ್ಲವೆಂದು ಮರುದಿನ ಕಂಡೆ. ಹೊಳೆ ದಾಟಿ ಎಮ್ಮಿಗನೂರಿನ ಕಡೆ ಹೊರಟಾಗ, ಒಂದು ಊರಿನ ಹೊರಗೆ ಟ್ರ್ಯಾಕ್ಟರಿನ ಟ್ರೇಲಿ ತುಂಬ ಕಲ್ಲಂಗಡಿ ಹೇರಿಕೊಂಡು ಒಂದು ಕುಟುಂಬ ನಿಂತಿತ್ತು. ಗಂಡ ಹೆಚ್ಚುತ್ತಿದ್ದ, ಹೆಂಡತಿ ಹಂಚುತ್ತಿದ್ದಳು, ಚಿಕ್ಕ ಹುಡುಗಿಯೊಬ್ಬಳು ದಾರಿಗೆ ಅಡ್ಡ ನಿಂತು ನಡೆಯುವವರ ಕೈ ಹಿಡಿದು ಎಳೆಯುತ್ತಿದ್ದಳು. ಬೇಡವೆಂದು ಹೋದವರ ಹಿಂದೆ ಓಡುತ್ತಿದ್ದಳು. ನಾನು ನಾಲ್ಕು ಹೋಳು ತಿಂದೆ. ಬಿಸಿಲಿಗೆ ಹಣ್ಣು ಬೆಚ್ಚಗಾಗಿತ್ತು, ಆದರೂ ಅಂಥ ಕಲ್ಲಂಗಡಿ ಮತ್ತೆ ತಿಂದಿಲ್ಲ. ಹಿಂದಿನ ದಿನದ ಪಪ್ಪಾಯಿ ಮನಸ್ಸಿನಲ್ಲಿದ್ದುದರಿಂದಲೋ ಏನೋ, ನೂರರ ನೋಟು ತೆಗೆದು ಆಕೆಗೆ ಕೊಡಲು ಹೋದೆ. ಆಕೆಯ ಮುಖ ಸಪ್ಪಗಾಯಿತು. ತೆಲುಗು ಬೆರೆತ ಕನ್ನಡದಲ್ಲಿ, ಇದೇನು ಅಂಗಡಿ ಅಂದುಕೊಂಡೆಯಾ ಎಂದಳು. ಕಾಕಾ ನನ್ನ ಕೈ ಹಿಂದಕ್ಕೆ ಸರಿಸಿ, ಆಕೆಗೆ ಕೈಮುಗಿದು, ಇನ್ನೊಂದು ಹೋಳು ಕೇಳಿ ತಿಂದ. ಅವನಿಗೆ ಹೊಟ್ಟೆ ತುಂಬಿತ್ತು, ನಾನು ಬಲ್ಲೆ. ಆ ಇನ್ನೊಂದು ಹೋಳು ನನ್ನ ನೋಟಿನ ತಪ್ಪು ತಿದ್ದಲು.

ಹಿಂದಿನ ದಿನ ಕೊಡದೆ ತಿಂದೆ, ಇವತ್ತು ಕೊಟ್ಟದ್ದಕ್ಕೆ ಬೆಲೆ ಕಟ್ಟಿದೆ. ಎರಡು ದಿನವೂ ನಾನು ಮಾಡಿದ್ದು ಒಂದೇ ಕೆಲಸ ಎಂದು ಈಗ ಅನ್ನಿಸುತ್ತದೆ. ಎದುರಿನ ಮನುಷ್ಯನಿಗೆ ಋಣಿಯಾಗಿರುವುದನ್ನು ತಪ್ಪಿಸಿಕೊಳ್ಳಲು ನೋಡಿದೆ. ಕದ್ದವನಿಗೂ ದುಡ್ಡು ಕೊಟ್ಟವನಿಗೂ ಯಾರ ಹಂಗೂ ಇರುವುದಿಲ್ಲ. ಬೇಡಿ ತಿಂದವನಿಗೆ ಇರುತ್ತದೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ನಾನು ಒಂದು ಹಣ್ಣನ್ನೂ ಬೇಡಿ ತಿಂದಿರಲಿಲ್ಲ.

ಇದರ ಜೊತೆಗೆ ಲೆಕ್ಕದ ಮಾತೂ ಒಂದಿದೆ. ನಾನೊಬ್ಬ ಒಂದು ಪಪ್ಪಾಯಿ ಕಿತ್ತರೆ ಯಾರ ಮನೆ ಹಾಳಾಗುತ್ತದೆ? ಆದರೆ ಆ ದಾರಿಯಲ್ಲಿ ನಡೆಯುವವರು ಸಾವಿರಾರು ಜನ. ಕರ್ನೂಲು ದಾಟಿ ಆತ್ಮಕೂರಿನ ಕಡೆ ಹೋಗುತ್ತ ಗಮನಿಸಿದೆ: ದಾರಿಗೆ ಹತ್ತಿದ ಸಾಲಿನ ಗಿಡಗಳಲ್ಲಿ ಕೈಗೆ ಎಟುಕುವ ಎತ್ತರದವರೆಗೆ ಏನೂ ಇಲ್ಲ, ಒಳಗಿನ ಸಾಲಿನಲ್ಲಿ ಎಲ್ಲ ಇದೆ. ಒಂದು ಕಡೆ ಯಾರೋ ಹೊಸದಾಗಿ ಜಾಲಿಮುಳ್ಳು ಕಡಿದು ಬೇಲಿಗೆ ಒಟ್ಟಿದ್ದರು. ಆ ಮುಳ್ಳಿನಾಚೆ ಅರವಟ್ಟಿಗೆ ಇಟ್ಟು, ಮಡಕೆಯಲ್ಲಿ ನೀರು ತುಂಬಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿದ್ದರು. ಅದೇ ಹೊಲದವರೇ ಇಟ್ಟದ್ದಂತೆ. ನೀರು ಕುಡಿಯಿರಿ, ಹಣ್ಣು ಬಿಡಿ ಎಂದು ಹೇಳಿದ ಹಾಗಿತ್ತು. ಅದರಲ್ಲಿ ಜಿಪುಣತನ ನನಗೆ ಕಾಣಲಿಲ್ಲ. ಎಷ್ಟು ಕೊಡಬಲ್ಲೆ ಎಂದು ಆ ರೈತ ತಾನೇ ತೀರ್ಮಾನಿಸಿದ್ದ. ಕೊಡುವವರಿಗೆ ಆ ಹಕ್ಕು ಬೇಡವೇ?

ಇಷ್ಟರಲ್ಲಿ ನನಗೊಂದು ಸಮಾಧಾನದ ತೀರ್ಮಾನ ಸಿಕ್ಕಿತ್ತು. ತೋಟದ ಹಣ್ಣು ಬೆಳೆದವನದು, ಕೇಳದೆ ಮುಟ್ಟಬಾರದು. ಕಾಡಿನ ಹಣ್ಣು ಯಾರದೂ ಅಲ್ಲ, ಎಲ್ಲರದು. ಆತ್ಮಕೂರು ಬಿಟ್ಟು ವೆಂಕಟಾಪುರದಲ್ಲಿ ಕಾಡು ಹೊಕ್ಕಾಗ ಈ ತೀರ್ಮಾನ ನನ್ನ ಜೊತೆಗಿತ್ತು.

ಅಲ್ಲಿಂದ ಶ್ರೀಶೈಲದವರೆಗೆ ನಲ್ಲಮಲ ಬೆಟ್ಟಗಳ ಕಾಲುದಾರಿ. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೊನೆಗೆ ಕೈಲಾಸದ್ವಾರ. ಶಿವರಾತ್ರಿ, ಯುಗಾದಿಗೆ ನಡೆಯುವವರಿಗಾಗಿ ಬಿಡುವ ಈ ದಾರಿ ನಾಗಾರ್ಜುನಸಾಗರ ಶ್ರೀಶೈಲಂ ಹುಲಿ ಮೀಸಲಿನೊಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿದ ಕಾಡು. ಕಲ್ಲು, ಒಣಹುಲ್ಲು, ಬಿಸಿಗಾಳಿ. ನಾಗಲೂಟಿ ದಾಟಿದ ಮೇಲೆ ಒಂದು ಗಿಡದ ಸುತ್ತ ನಮ್ಮವರ ಗುಂಪು ಕಂಡಿತು. ಬೀಡಿ ಎಲೆಯ ಗಿಡ. ಕನ್ನಡದಲ್ಲಿ ತೂಬರೆ ಎನ್ನುತ್ತಾರೆ, ತೆಲುಗಿನಲ್ಲಿ ತುನಿಕಿ. ಆಗಷ್ಟೇ ಹಣ್ಣಾಗತೊಡಗಿತ್ತು. ನಿಂಬೆಗಿಂತ ಚಿಕ್ಕದು, ಹಳದಿ, ಒಳಗೆ ಮೆತ್ತನೆಯ ತಿರುಳು, ಗಟ್ಟಿ ಬೀಜ. ಮೊದಲು ಸಿಹಿ, ಆಮೇಲೆ ನಾಲಿಗೆ ಹಿಡಿಯುವ ಒಗರು. ಹತ್ತು ದಿನದ ಬಾಯಾರಿಕೆಗೆ ಅದು ಅಮೃತವೇ.

ಇಂಗ್ಲೆಂಡಿನ ಜಾನ್ ಲಾಕ್ ಎಂಬ ದಾರ್ಶನಿಕ 1689ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದೇ ಪ್ರಶ್ನೆ ಎತ್ತಿದ್ದಾನೆ. ಕಾಡಿನ ಗಿಡದಿಂದ ಹಣ್ಣು ಆರಿಸಿ ತಿಂದವನಿಗೆ ಆ ಹಣ್ಣು ಯಾವಾಗ ಅವನದಾಯಿತು? ಅರಗಿದಾಗಲೋ, ತಿಂದಾಗಲೋ, ಮನೆಗೆ ತಂದಾಗಲೋ? ಆರಿಸಿದಾಗಲೇ ಎಂಬುದು ಅವನ ಉತ್ತರ. ಆರಿಸುವ ಶ್ರಮ ಸೇರಿದ್ದರಿಂದ ಎಲ್ಲರದಾಗಿದ್ದದ್ದು ಒಬ್ಬನದಾಯಿತು. ಜೊತೆಗೆ ಎರಡು ಷರತ್ತು ಹಾಕಿದ್ದಾನೆ: ಉಳಿದವರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು, ತೆಗೆದದ್ದು ಕೊಳೆಯಬಾರದು. ಒಬ್ಬನೇ ನಡೆದು ಹೋಗುವ ಕಾಡಿಗೆ ಈ ನ್ಯಾಯ ಚೆನ್ನಾಗಿ ಹೊಂದುತ್ತದೆ. ನಾವು ಮಾತ್ರ ಆ ದಾರಿಯಲ್ಲಿ ಸಾಲು ಸಾಲಾಗಿ ಹೋಗುತ್ತಿದ್ದೆವು.

ಹುಡುಗರು ಕೊಂಬೆ ಹಿಡಿದು ಜಗ್ಗಿದರು. ಒಂದು ಕೊಂಬೆ ಮುರಿಯಿತು. ಕಾಯಿ ಹಣ್ಣು ಎಲ್ಲ ಕೆಳಗೆ ಬಿತ್ತು. ‘ದೇವರು ಕೊಟ್ಟಾನ, ತಗೋರಿ’ ಎಂದು ಯಾರೋ ಕೂಗಿದರು. ನಾನೂ ಆರಿಸಿದೆ. ಐದಾರು ತಿಂದು, ಏಳನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡೆ. ಎರಡನ್ನು ಶ್ರೀಶೈಲದಲ್ಲಿ ತಾಯಿಯ ಉಡಿಗೆ ಹಾಕಬೇಕೆಂದೂ ಅಂದುಕೊಂಡೆ.

ಆಗ ಕೆಳಗಿನ ಇಳಿಜಾರಿನಿಂದ ಒಬ್ಬ ಹೆಂಗಸು ಬಂದಳು. ವಯಸ್ಸಾಗಿತ್ತು. ಕೈಯಲ್ಲಿ ಬುಟ್ಟಿ, ಜೊತೆಗೆ ನಾಲ್ಕೈದು ವರ್ಷದ ಒಂದು ಮಗು. ಈ ಕಾಡಿನ ಚೆಂಚು ಜನ ಎಂದು ಆತ್ಮಕೂರಿನವನೊಬ್ಬ ಹೇಳಿದ. ಆಕೆ ಗಿಡದ ಹತ್ತಿರ ಬಂದು, ಮುರಿದ ಕೊಂಬೆ ನೋಡಿದಳು. ನೆಲ ನೋಡಿದಳು. ನಮ್ಮನ್ನು ನೋಡಿದಳು. ಬುಟ್ಟಿ ಖಾಲಿ ಇತ್ತು. ಏನೂ ಅನ್ನಲಿಲ್ಲ. ಕಾಲಿನಿಂದ ಎಲೆ ಸರಿಸಿ ಬಿದ್ದಿದ್ದ ಎರಡು ಹಣ್ಣು ಆರಿಸಿ ಮಗುವಿಗೆ ಕೊಟ್ಟು, ಮುಂದಿನ ಗಿಡದ ಕಡೆ ನಡೆದಳು. ಮುಂದಿನ ಗಿಡದ ಬಳಿಯೂ ನಮ್ಮವರೇ ಇದ್ದರು.

ನನ್ನ ಟವೆಲ್ಲಿನಲ್ಲಿ ಏಳು ಹಣ್ಣಿದ್ದವು. ಆಕೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಳು. ಕೊಡಬಹುದಾಗಿತ್ತು. ಕೊಡಲಿಲ್ಲ. ಎಲ್ಲರ ಮುಂದೆ ಒಬ್ಬನೇ ಎದ್ದು ಹೋಗಲು ನಾಚಿಕೆಯಾಯಿತು ಎಂದು ಹೇಳಿದರೆ ನಂಬುತ್ತೀರೋ ಇಲ್ಲವೋ, ಆದರೆ ಅಷ್ಟೇ ಕಾರಣ. ಪಪ್ಪಾಯಿ ಕೀಳುವಾಗ ಇಲ್ಲದ ನಾಚಿಕೆ ಹಣ್ಣು ಹಿಂತಿರುಗಿಸುವಾಗ ಬಂತು.

ಕಾಡಿನ ಹಣ್ಣು ಯಾರದೂ ಅಲ್ಲ ಎಂಬ ನನ್ನ ತೀರ್ಮಾನ ಅಲ್ಲಿ ಮುರಿದು ಬಿತ್ತು. ಕಾನೂನಿನಲ್ಲೂ ಅದು ನಿಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಿಂದ ಅನುಮತಿಯಿಲ್ಲದೆ ಯಾವ ಉತ್ಪನ್ನವನ್ನೂ ಒಯ್ಯುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ, ಕಾಡಿನಲ್ಲೇ ತಲೆತಲಾಂತರದಿಂದ ಬದುಕಿದವರಿಗೆ ಅವರು ಆರಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಒಡೆತನದ ಹಕ್ಕನ್ನು ಒಪ್ಪುತ್ತದೆ. ಆದರೆ ನನಗೆ ನಾಟಿದ್ದು ಕಾಯ್ದೆಯಲ್ಲ. ‘ಯಾರದೂ ಅಲ್ಲ’ ಎಂಬ ಮಾತನ್ನು ಹೇಳುವವರು ಯಾವಾಗಲೂ ಹೊರಗಿನಿಂದ ಬಂದವರೇ. ಬೇಲಿ ಇದ್ದರೆ ಒಡೆಯನಿದ್ದಾನೆ, ಬೇಲಿ ಇಲ್ಲದಿದ್ದರೆ ಒಡೆಯನಿಲ್ಲ ಎಂದು ನೋಡಲು ಕಲಿತ ಕಣ್ಣು ನಮ್ಮದು. ಲಾಕ್ ಹೇಳಿದ ಶ್ರಮದ ನ್ಯಾಯವನ್ನೇ ಮುಂದೆ ಮಾಡಿಕೊಂಡು, ಉಳದೆ ಬಿಟ್ಟ ನೆಲ ಯಾರದೂ ಅಲ್ಲ ಎಂದು ಅಮೆರಿಕದ ಮೂಲನಿವಾಸಿಗಳ ನೆಲವನ್ನು ಬಿಳಿಯರು ತಮ್ಮದಾಗಿಸಿಕೊಂಡರು. ನಮ್ಮದು ಅಷ್ಟು ದೊಡ್ಡ ಅಪರಾಧವಲ್ಲ, ಒಂದು ಗಿಡದ ಹಣ್ಣು. ಆದರೆ ನೋಡುವ ರೀತಿ ಅದೇ.

ಆ ಹಣ್ಣಿಗೆ ಇನ್ನೂ ಒಬ್ಬ ಪಾಲುದಾರನಿದ್ದಾನೆ. ಕರಡಿಗೆ ಈ ಹಣ್ಣು ಪ್ರಿಯ. ಅದು ತಿಂದು ದೂರ ಹೋಗಿ ಹಾಕಿದ ಲದ್ದಿಯಲ್ಲಿ ಬೀಜ ಬಿದ್ದು ಇನ್ನೊಂದು ಗಿಡವಾಗುತ್ತದೆ. ಅಂದರೆ ಕರಡಿ ತಿಂದದ್ದಕ್ಕೆ ಲೆಕ್ಕ ಚುಕ್ತಾ ಮಾಡುತ್ತದೆ. ನಾವು ಬೀಜ ಉಗುಳಿದ್ದು ಸಾವಿರಾರು ಕಾಲು ತುಳಿಯುವ ದಾರಿಯ ಮೇಲೆ.

‘ದೇವರು ಕೊಟ್ಟಾನ’ ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹೇಳಿದವನ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ದೇವರು ಕೊಟ್ಟ ಎಂದ ಕೂಡಲೇ ನಡುವೆ ಇರುವವರೆಲ್ಲ ಮರೆಯಾಗುತ್ತಾರೆ. ಕಲ್ಲಂಗಡಿ ಕೊಟ್ಟವಳ ಕೈ ಕಾಣುವುದಿಲ್ಲ, ಖಾಲಿ ಬುಟ್ಟಿಯೂ ಕಾಣುವುದಿಲ್ಲ. ಹತ್ತು ದಿನ ಊರೂರಿನ ಜನರಿಂದ ಉಂಡು ಬಂದ ನಾವು, ಕಾಡಿಗೆ ಬಂದಾಗ ಕೊಡುವ ಸರದಿ ನಮ್ಮದೆಂಬುದನ್ನೇ ಮರೆತಿದ್ದೆವು.

ಭೀಮುನಿ ಕೊಲನಿನ ಕೊರಕಲು ಇಳಿದು, ಕೈಲಾಸದ್ವಾರದ ಏರು ಹತ್ತುವ ಮೊದಲು ಕಾಕಾನಿಗೆ ಎಲ್ಲ ಹೇಳಿದೆ. ಅವನು ಬೆಳಗ್ಗೆಯೇ ಮುಂದೆ ಹೋಗಿದ್ದರಿಂದ ನೋಡಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಆಕೀಗೆ ಕೊಡಬೇಕಾಗಿತ್ತು’ ಎಂದ.

‘ಹೌದು. ಈಗೇನ ಮಾಡ್ಲಿ?’

‘ಈಗೇನೈತಿ? ತಿನ್ನು. ಕೆಡತಾವ.’

‘ತಾಯಿ ಉಡಿಗೆ ಅಂತ ಇಟ್ಟಿದ್ದೆ.’

‘ಆ ತಾಯಿ ಉಡಿ ಖಾಲಿ ಮಾಡಿ, ಈ ತಾಯಿ ಉಡಿ ತುಂಬತೀ ಏನು?’

ಮತ್ತೇನೂ ಹೇಳಲಿಲ್ಲ. ಅಲ್ಲೇ ಕೂತು ತಿಂದೆ. ಎರಡು ಹಣ್ಣು ಆಗಲೇ ಒಡೆದು ಟವೆಲ್ಲಿಗೆ ಅಂಟಿದ್ದವು. ಅವುಗಳನ್ನೂ ನೆಕ್ಕಿ ತಿಂದೆ. ಎಸೆಯುವುದು ಇನ್ನೊಂದು ತಪ್ಪಾಗುತ್ತಿತ್ತು. ನನ್ನ ಪಶ್ಚಾತ್ತಾಪದಿಂದ ಆ ಮಗುವಿಗೆ ಏನೂ ಸಿಗುವಂತಿರಲಿಲ್ಲ.

ಶ್ರೀಶೈಲಕ್ಕೆ ನಮಗಿಂತ ಮುಂಚೆ, ಹನ್ನೆರಡನೆಯ ಶತಮಾನದಲ್ಲಿ, ಉಡುತಡಿಯಿಂದ ಕಲ್ಯಾಣದ ಮೇಲೆ ಹಾದು ಅಕ್ಕಮಹಾದೇವಿ ನಡೆದು ಬಂದಿದ್ದಳು. ಆಕೆ ಸೇರಿದ್ದು ಕದಳಿಯನ್ನು, ಹೆಸರಿನಲ್ಲೇ ಬಾಳೆ ಇರುವ ವನವನ್ನು. ಶರಣರ ಪರಿಭಾಷೆಯಲ್ಲಿ ಕದಳಿಗೆ ಬೇರೆ ಅರ್ಥಗಳಿವೆ, ಅದನ್ನು ಬಲ್ಲವರು ಹೇಳಬೇಕು. ನನಗೆ ಹೊಳೆದದ್ದು ಸಣ್ಣ ವಿಷಯ. ಅಕ್ಕ ಉಟ್ಟ ಸೀರೆಯನ್ನೂ ಬಿಟ್ಟು ಹೊರಟವಳು. ಆಕೆಗೆ ಕಟ್ಟಿಕೊಳ್ಳಲು ಸೆರಗಿರಲಿಲ್ಲ, ಹಾಕಿಕೊಳ್ಳಲು ಉಡಿಯಿರಲಿಲ್ಲ, ಹೆಗಲಿಗೆ ಚೀಲವಿರಲಿಲ್ಲ. ಹಸಿದಾಗ ಬೇಡಬೇಕು, ಸಿಕ್ಕದ್ದು ಅಂಗೈಯಿಂದ ಬಾಯಿಗೆ ಹೋಗಬೇಕು, ಅಷ್ಟೇ. ದ್ರಾಕ್ಷಿತೋಟದ ವಿಧಿ ಆಕೆಗೆ ಬೇಕಾಗಿರಲಿಲ್ಲ. ನಾವೆಲ್ಲ ಆಕೆಯ ದಾರಿಯಲ್ಲಿ ನಡೆಯುತ್ತೇವೆ ಎನ್ನುತ್ತೇವೆ, ಎರಡೆರಡು ಚೀಲ ಹೊತ್ತುಕೊಂಡು.

ಬಾಯಿಗೆ ಹೋದದ್ದು ಹಸಿವು, ಚೀಲಕ್ಕೆ ಹೋದದ್ದು ಆಸೆ ಎಂಬ ಗೆರೆಯನ್ನು ನಾನು ಬಹಳ ದಿನ ಸರಿಯೆಂದೇ ನಂಬಿದ್ದೆ. ಈ ವರ್ಷ ಅದೂ ಅಲುಗಾಡಿತು. ಕಾಕಾನಿಗೆ ಮೊಣಕಾಲು ನೋವು, ನಡೆಯಲು ಆಗಲಿಲ್ಲ. ನನಗೆ ಅಷ್ಟು ರಜೆ ಸಿಗಲಿಲ್ಲ. ಎರಡು ದಿನದ ಮಟ್ಟಿಗೆ ಊರಿಗೆ ಹೋಗಿ, ಒಂದು ಟಂಟಂ ತುಂಬ ಕಲ್ಲಂಗಡಿ ತಂದು, ರಸ್ತೆಬದಿಗೆ ಬೇವಿನ ನೆರಳಿನಲ್ಲಿ ಇಬ್ಬರೂ ಹೆಚ್ಚುತ್ತ ಕೂತೆವು. ಕೊಡುವ ಕಡೆ ಕೂತಾಗ ಲೋಕ ಬೇರೆಯೇ ಕಾಣುತ್ತದೆ. ಯಾರು ಎಷ್ಟು ತಗೊಂಡರು ಎಂದು ಎಣಿಸುವ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಯುವಕ ಬಂದು, ತಾನು ತಿನ್ನದೆ, ಪ್ಲಾಸ್ಟಿಕ್ ಚೀಲ ತೆಗೆದು ಒಂದಾದ ಮೇಲೊಂದು ಹೋಳು ಹಾಕಿಕೊಳ್ಳತೊಡಗಿದ. ಆರು, ಏಳು, ಎಂಟು. ನನ್ನ ಮೈ ಉರಿಯಿತು.

‘ಎಷ್ಟ ಮಂದಿಗೆ ಅದು?’ ಎಂದು ಸ್ವಲ್ಪ ಗಡಸಾಗಿಯೇ ಕೇಳಿದೆ.

ಅವನು ಹಿಂದೆ ಕೈ ತೋರಿಸಿದ. ದೂರದ ಸೇತುವೆಯ ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರು ಕಾಲು ಚಾಚಿ ಕೂತಿದ್ದರು. ಪಾದಕ್ಕೆ ಬಟ್ಟೆ ಸುತ್ತಿತ್ತು. ‘ಅವ್ವಾರಿಗೆ ಗುಳ್ಳಿ ಎದ್ದಾವ್ರಿ, ಇಲ್ಲೀತನಕಾ ಬರಾಕಾಗವಲ್ದು’ ಎಂದ.

ಕಾಕಾ ನನ್ನ ಕಡೆ ನೋಡಲೂ ಇಲ್ಲ. ರಾಶಿಯಿಂದ ಒಂದು ಇಡೀ ಹಣ್ಣು ಆರಿಸಿ, ಬೆರಳಿನಿಂದ ತಟ್ಟಿ ನೋಡಿ, ಆ ಹುಡುಗನ ಕಂಕುಳಿಗೆ ಇಟ್ಟ. ಹೆಚ್ಚಲು ಚಾಕು ಅವರ ಬಳಿ ಇದೆಯೇ ಎಂದು ಕೇಳಿದ. ಇಲ್ಲವೆಂದಾಗ ನನ್ನ ಕೈಯ ಚಾಕು ಇಸಿದುಕೊಂಡು ಕೊಟ್ಟ. ‘ಬರೂ ಮುಂದ ತಂದ ಕೊಡು ತಮ್ಮಾ’ ಎಂದ.

ಚಾಕು ತಿರುಗಿ ಬರುವವರೆಗೆ ನನಗೆ ಕೆಲಸವಿರಲಿಲ್ಲ. ಸಿಪ್ಪೆಗಳನ್ನು ಬುಟ್ಟಿಗೆ ತುಂಬಿ ಪಕ್ಕದ ಹೊಲದ ಎಮ್ಮೆಗಳಿಗೆ ಹಾಕಿ ಬರಲು ಎದ್ದೆ. ಬೇಲಿಯ ಹತ್ತಿರ ಹೋಗಿ ನಿಂತು, ಒಳಗೆ ಇದ್ದ ಹೆಣ್ಣುಮಗಳನ್ನು ‘ಹಾಕಲೇನ್ರೀ ಅಕ್ಕಾರ?’ ಎಂದು ಕೇಳಿದೆ. ಆಕೆ ಹೂಂ ಎಂದ ಮೇಲೆ ಒಳಗೆ ಕಾಲಿಟ್ಟೆ.